ತಟ್ಟೆಯೊಳಗಿನ ಹಾಲೇಶ

ಜನ್ನಾಪುರದ ಗಂಗಾಧರಪ್ಪನವರ ಮನೆಯಲ್ಲಿ ಎಲ್ಲರ ಮನೆಯ ಹಾಗೆ ಊಟದ ಕೊನೆಗೆ ಮಜ್ಜಿಗೆ ಬರುತ್ತಿತ್ತು. ಗಣಪತಿ ಹಬ್ಬದಿಂದೀಚೆಗೆ ಮಜ್ಜಿಗೆ ಆದ ಮೇಲೆ ಹಾಲೇಶನೂ ಬರತೊಡಗಿದ್ದ.

ಮುದ್ದೆ ಮುಗಿಸಿ, ಅನ್ನಕ್ಕೆ ಸಾರು ಕಲಸಿ, ಕೊನೆಯ ತುತ್ತನ್ನು ಬೆರಳಲ್ಲಿ ಬಳಿದರೆ ಸ್ಟೀಲ್ ತಟ್ಟೆಯ ನಟ್ಟನಡುವೆ ಕಪ್ಪಗೆ ಎದ್ದು ಕಾಣುತ್ತಿತ್ತು: ಸೌಂದರ್ಯ, ಅದಕ್ಕೆ ಅಂಟಿಕೊಂಡು ಹಾಲೇಶ್, ಕೆಳಗೊಂದು ತಾರೀಕು. ತಾರೀಕು ಕಳೆದುಹೋಗಿತ್ತು. ಮದುವೆ ಆಗಿರಲಿಲ್ಲ.

ಇದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಗಂಗಾಧರಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕ ಹೊಯ್ದು ನಿವೃತ್ತರಾದವರು. ಕ್ಯಾಂಟೀನಿನಲ್ಲಿ ತಟ್ಟೆ ಬಳಿದು ಉಂಡೇ ವಯಸ್ಸು ಕಳೆದ ಆ ಮನುಷ್ಯ ಈಗ ನಡುವೆ ಒಂದು ಹಿಡಿ ಅನ್ನ ಬಿಟ್ಟೇ ಏಳುತ್ತಿದ್ದರು. ಮಗ ವಿಜಯಕುಮಾರ್ ಟಿವಿಯಿಂದ ಕಣ್ಣು ಕೀಳದೆ ಉಣ್ಣುತ್ತಿದ್ದ. ತಾಯಿ ಬಸವರಾಜೇಶ್ವರಿ ತೊಳೆಯುವಾಗ ಆ ಜಾಗವನ್ನು ತೆಂಗಿನ ನಾರಿನಿಂದ ಇನ್ನೆರಡು ಸುತ್ತು ಹೆಚ್ಚಿಗೆ ಉಜ್ಜುತ್ತಿದ್ದರು. ಉಜ್ಜಿದಷ್ಟೂ ಹಾಲೇಶ ಹೊಳೆಯುತ್ತಿದ್ದ.

ಮಗಳು ಸೌಂದರ್ಯ ಮಾತ್ರ ಯಾವ ಉಪಾಯವನ್ನೂ ಮಾಡಲಿಲ್ಲ. ಉಣ್ಣುವಳು, ಎದ್ದು ಕೈ ತೊಳೆಯುವಳು.

"ದಿನಾ ಅನ್ನ ಬಿಟ್ಟು ಏಳ್ತೀರಲ್ಲ, ಬೀದಿ ನಾಯಿಗೆ ಬಡಿಸ್ತಾ ಇದೀನಾ ನಾನು?" ಎಂದರು ಬಸವರಾಜೇಶ್ವರಿ ಒಂದು ಮಧ್ಯಾಹ್ನ.

"ಹಳೇ ತಟ್ಟೆಲಿ ಹಾಕು ಮಾರಾಯ್ತಿ, ಬಳಿದು ಉಣ್ತೀನಿ."

"ಹಳೇ ತಟ್ಟೆ ಎಲ್ಲಿವೆ? ಮದುವೆಗೆ ಅಂತ ಹಳೇವೆಲ್ಲ ಅಂಗಡಿಗೆ ಹಾಕಿ ಹೊಸವು ತಂದ್ವಲ್ಲ. ಹಬ್ಬಕ್ಕೆ ಜನ ಬಂದ್ರು, ಡಬ್ಬ ಒಡೆದೆ. ಉಕ್ಕು ಅದು. ಹೆಸರೇನು ಬಾಯಿಗೆ ಬರುತ್ತಾ?"

"ಬರುತ್ತಮ್ಮ," ಎಂದ ವಿಜಯಕುಮಾರ್, "ನನಗೆ ನಿನ್ನೆಯಿಂದ ಹಾಲೇಶನದೇ ತೇಗು."

ಹೇಳಿ ತಂಗಿಯ ಮುಖ ನೋಡಿದ. ನಗಬೇಕಾಗಿದ್ದ ಜಾಗದಲ್ಲಿ ಅವಳು ಉಪ್ಪಿನಕಾಯಿ ಕೇಳಿದಳು.

ಆಗಿದ್ದಿಷ್ಟು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಗಲ್ಲಿಯಲ್ಲಿ ವಿಜಯಕುಮಾರನ ಅಂಗಡಿ. ಪಾತ್ರೆ, ಬಾಗಿಲ ಫಲಕ, ನೆನಪಿನ ಕಾಣಿಕೆ, ಏನು ತಂದುಕೊಟ್ಟರೂ ಲೇಸರ್ ಮಿಷನ್ನಿನಲ್ಲಿ ಹೆಸರು ಕೆತ್ತಿಕೊಡುವುದು ಅವನ ಕಸುಬು. ಮಿಷನ್ ಅಣ್ಣನದು, ಕಂಪ್ಯೂಟರ್ ತಂಗಿಯದು. ಇಬ್ಬರೂ ಬೆಳಿಗ್ಗೆ ಜನ್ನಾಪುರದಲ್ಲಿ ಬಸ್ ಹತ್ತುವವರು. ಕೋರಲ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಅಕ್ಷರ ಕೂಡಿಸಿ, ಅಕ್ಷರವನ್ನು ಗೆರೆಯಾಗಿ ಬದಲಿಸಿ, ಗೆರೆಯ ಮೇಲೆ ಮೂಡುವ ಚುಕ್ಕೆಗಳನ್ನು ಒಂದೊಂದಾಗಿ ಹಿಡಿದೆಳೆದು ಆಕಾರ ತಿದ್ದುವುದು ಸೌಂದರ್ಯಳ ಕೆಲಸ. ಆ ಚುಕ್ಕೆಗೆ ನೋಡ್ ಎನ್ನುತ್ತಾರೆ. "ದಿನಾ ಪೂರ್ತಿ ಏನ್ ಮಾಡ್ತೀಯೇ ಅಲ್ಲಿ?" ಎಂದು ಅಪ್ಪ ಕೇಳಿದರೆ, "ನೋಡ್ ನೋಡ್ತೀನಪ್ಪ, ನೋಡ್ ನೋಡಿ ನೋಡಿ ಕಣ್ಣೇ ಕಾಣಲ್ಲ" ಎನ್ನುವಳು.

ಆಗ ಅವಳ ಬಾಯಿ ಹಾಗಿತ್ತು. ಬರೀ ಮಾತಲ್ಲ, ಯಾರ ಮಾತು ಬೇಕೋ ಅವರ ಮಾತು. "ಒಳಗೆ ಹೋಗ್ರಿ ಒಳಗೆ, ಒಳಗೆ ಜಾಗ ಮಲಗಿಕೊಂಡಿದೆ!" ಎಂದು ಬಸ್ಸಿನೊಳಗೇ ಕಂಡಕ್ಟರನ ದನಿ ತೆಗೆದು, ನಿಜವಾದ ಕಂಡಕ್ಟರ್ ತಾನು ಹಿಂದಿದ್ದೇನೋ ಮುಂದಿದ್ದೇನೋ ಎಂದು ಗಲಿಬಿಲಿಯಾಗುವಂತೆ ಮಾಡಿದ್ದಳು. ನಿಶ್ಚಿತಾರ್ಥವಾದ ದಿನ ಸಂಜೆ ಹೊಸ ಬೀಗಿತ್ತಿಯನ್ನೂ ಬಿಡಲಿಲ್ಲ. ಹಾಲೇಶನ ತಾಯಿಗೆ ಮಾತು ಹೊರಡುವುದೇ ಮೂಗಿನಿಂದ. ಪಾಯಸ ಕೊಟ್ಟರೆ "ನಮ್ ಕಡೆ ಹಂಗಲ್ಲವ್ವಾ", ಸೀರೆ ತೋರಿಸಿದರೆ "ನಮ್ ಕಡೆ ಹಂಗಲ್ಲವ್ವಾ". ಅವರ ಕಡೆ ಎಂದರೆ ಸೋಗಾನೆ. ಜನ್ನಾಪುರಕ್ಕೂ ಸೋಗಾನೆಗೂ ಏನು ಮಹಾ ದೂರ? ಆದರೆ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಗಿ ವಿಮಾನ ಬಂದಿಳಿದ ಮೇಲೆ ಆಕೆಯ ಮೂಗು ಮಾತ್ರ ಮೇಲೇ ಉಳಿದಿತ್ತು. ಸೌಂದರ್ಯ ಸೆರಗು ಹೊದ್ದು ಅದನ್ನು ಮಾಡಿ ತೋರಿಸಿದಾಗ ಗಂಗಾಧರಪ್ಪ ನಕ್ಕೂ ನಕ್ಕೂ ಕೆಮ್ಮಿದರು. ಬಸವರಾಜೇಶ್ವರಿ, "ಅತ್ತೆ ಆಗೋರನ್ನ ಅಣಕಿಸ್ತೀಯಾ, ನಾಲಿಗೆಗೆ ಬರೆ ಹಾಕ್ತೀನಿ" ಎಂದು ಬೈದು, ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡರು.

ಅಂಗಡಿಗೆ ಒಂದು ಕಟ್ಟಳೆ ಇತ್ತು. ಲಗ್ನಪತ್ರಿಕೆ ಕಣ್ಣಿಗೆ ತೋರಿಸದೆ ಮದುವೆಯ ಪಾತ್ರೆಗೆ ಹೆಸರು ಹಾಕುವುದಿಲ್ಲ. "ನಾಳೆ ತಾರೀಕು ಬದಲಾದ್ರೆ ನಮ್ಮನ್ನ ಕೇಳಬೇಡಿ ಸ್ವಾಮಿ, ಕಾಗದ ಹರೀಬಹುದು, ಉಕ್ಕು ಹರಿಯಲ್ಲ" ಎಂದು ವಿಜಯಕುಮಾರ್ ಎಷ್ಟು ಜನರನ್ನು ವಾಪಸು ಕಳಿಸಿದ್ದನೋ. ಆದರೆ ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದೆ ಪಾತ್ರೆ ಇಲ್ಲ, ಮಿಷನ್ ಬೆಕ್ಕಿನ ಹಾಗೆ ಮುದುರಿ ಮಲಗಿತ್ತು. "ಹೇಗೂ ಖಾಲಿ ಇದೆ, ನಮ್ಮನೇ ಮದುವೆ ತಟ್ಟೆ ಮುಗಿಸಿಬಿಡಣ. ತಾರೀಕೂ ಗೊತ್ತಾಗಿದೆ, ಪತ್ರಿಕೆ ಒಂದು ಬಾಕಿ. ನಮಗೆ ನಾವೇ ಪತ್ರಿಕೆ ತೋರಿಸ್ಕೋಬೇಕಾ?" ಎಂದ. ಮದುವೆಗೆ ಬಂದವರಿಗೆಲ್ಲ ನೆನಪಿಗೆಂದು ಕೈಗೆ ಕೊಡುವ ತಟ್ಟೆ. ಸೌಂದರ್ಯ ಮುತುವರ್ಜಿಯಿಂದ ಚಿತ್ರ ಮಾಡಿದಳು. ತನ್ನ ಹೆಸರಿನ ತುದಿಯ ಅರ್ಕಾವತ್ತಿನ ಬಾಲ ಎಳೆದು ಪಕ್ಕದ 'ಹಾ' ತಲೆಕಟ್ಟಿಗೆ ಮುಟ್ಟಿಸಿ, ಎರಡು ಹೆಸರನ್ನೂ ಬೆಸೆದು ಒಂದೇ ಆಕಾರ ಮಾಡಿದಳು. ಬೇರೆ ಮಾತು ಏನೂ ಬೇಡ, ಇಷ್ಟೇ ಚಂದ ಎಂದಳು.

ಶ್ರಾವಣ ಇನ್ನೂ ಹುಟ್ಟಿರಲಿಲ್ಲ, ಸೋಗಾನೆಯಿಂದ ಫೋನು ಬಂತು. ದಾವಣಗೆರೆ ಕಡೆಯದೊಂದು ಸಂಬಂಧವಂತೆ, ಹುಡುಗಿ ಬ್ಯಾಂಕಿನಲ್ಲಿದ್ದಾಳಂತೆ, ಜಾತಕ ತಾನಾಗೇ ಕೂಡಿತಂತೆ, ಇವರು ತಪ್ಪು ತಿಳಿಯಬಾರದಂತೆ. ಅಂತೆಯ ಮೇಲೆ ಅಂತೆ ಇಟ್ಟು ಫೋನು ಇಟ್ಟರು. ಅಣ್ಣ ಬಂದು ಹೇಳಿದಾಗ ಸೌಂದರ್ಯ ಯಾರದೋ ಗೃಹಪ್ರವೇಶದ ಫಲಕ ತಿದ್ದುತ್ತಿದ್ದಳು. "ಹೂಂ" ಎಂದಳು. ಫಲಕ ಮುಗಿಸಿದಳು. ಅಂದಿನಿಂದ ಅವಳ ಬಾಯಿಂದ ಅವಳ ದನಿಯೊಂದೇ ಬರುತ್ತಿತ್ತು, ಅದೂ ಎಷ್ಟು ಬೇಕೋ ಅಷ್ಟು.

ತಟ್ಟೆಗಳನ್ನು ಏನು ಮಾಡುವುದು? ವಿಜಯಕುಮಾರ್ ಒಂದನ್ನು ಪಾಲಿಶ್ ಹಾಕಿಸಿ ನೋಡಿದ. ನಡುವೆ ಮಬ್ಬು ಮಚ್ಚೆ ಬಿದ್ದು ಅದರೊಳಗಿಂದ ಹಾಲೇಶ ಇಣುಕಿದ. "ಗುಜರಿಗೆ ಹಾಕಿಬಿಡ್ತೀನಿ" ಎಂದರೆ ಬಸವರಾಜೇಶ್ವರಿ ಅಡ್ಡ ನಿಂತರು. "ಅದರಲ್ಲಿ ನನ್ನ ಮಗಳ ಹೆಸರೂ ಇದೆ ಕಣೋ. ತಕ್ಕಡಿಗೆ ಹಾಕ್ತೀಯಾ ಅವಳನ್ನ?" ಹಾಗಾಗಿ ತಟ್ಟೆಗಳ ಡಬ್ಬಗಳು ನಡುಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಕೂತವು. ಅವುಗಳ ಮೇಲೆ ಇಸ್ತ್ರಿ ಬಟ್ಟೆ ಕೂತಿತು.

ದಸರಾ ಕಳೆದ ವಾರ ಏಕಾಂತಪ್ಪ ಬಂದರು. ಬಸವರಾಜೇಶ್ವರಿಗೆ ದೊಡ್ಡಪ್ಪನ ಮಗ, ಈ ಸಂಬಂಧ ತಂದವರೂ ಅವರೇ. ಹೆಸರು ಏಕಾಂತಪ್ಪ ಆದರೂ ಯಾರನ್ನೂ ಏಕಾಂತವಾಗಿ ಬಿಟ್ಟ ಮನುಷ್ಯನಲ್ಲ. ಚಪ್ಪಲಿ ಬಿಡುವ ಮೊದಲೇ ವಿಷಯ ಬಿಟ್ಟರು.

"ದಾವಣಗೆರೇದು ಮುರೀತು ಕಣಮ್ಮ. ಆ ಹುಡುಗಿ ಒಲ್ಲೆ ಅಂದ್ಲಂತೆ. ಸೋಗಾನೆಯೋರು ಈಗ ನಮ್ಮ ಕಡೆನೇ ನೋಡ್ತಾ ಇದಾರೆ."

"ಆಗ ಯಾವ ಕಡೆ ನೋಡ್ತಾ ಇದ್ರು?" ಎಂದರು ಗಂಗಾಧರಪ್ಪ.

"ಭಾವಾ, ಆಗಿದ್ದು ಆಯ್ತು. ಮನೆ, ಜಮೀನು, ಹುಡುಗ, ಯಾವುದಕ್ಕೆ ಕೊರತೆ? ನಾನಂತೂ ಹೇಳಿಬಿಟ್ಟಿದೀನಿ, ಅವರು ಬೇರೆ ಕಡೆ ತಲೆನೇ ಹಾಕಿಲ್ಲ, ತಟ್ಟೆ ಮೇಲೆ ಇಬ್ಬರ ಹೆಸರು ಕೆತ್ತಿಸಿ ಇಟ್ಕೊಂಡು ಕಾಯ್ತಾ ಇದಾರೆ ಅಂತ. ಆಯಮ್ಮನ ಕಣ್ಣಲ್ಲಿ ನೀರು ಬಂತು."

"ಮೂಗಿಂದಲೂ ಬಂತಾ ಮಾವ?" ಎಂದ ವಿಜಯಕುಮಾರ್.

"ನೀನು ಸುಮ್ಮನಿರೋ," ಎಂದರು ಬಸವರಾಜೇಶ್ವರಿ. ಅವರ ಕಣ್ಣು ಮೂಲೆಯ ಡಬ್ಬಗಳ ಮೇಲೆ ಹೋಗಿತ್ತು. "ಅಣ್ಣ ಹೇಳೋದರಲ್ಲೂ ಅರ್ಥ ಇದೆ. ತಟ್ಟೆ ಹಾಗೇ ಇವೆ. ಹೆಸರೂ ಹಾಗೇ ಇದೆ. ಬೇರೆ ಸಂಬಂಧ ಅಂದ್ರೆ ಮತ್ತೆ ಮೊದಲಿಂದ ಎಲ್ಲ."

"ತಟ್ಟೆ ಇದೆ ಅಂತ ಮಗಳನ್ನ ಕೊಡ್ತಾರೇನೇ?" ಎಂದು ಗಂಗಾಧರಪ್ಪ ದನಿ ಏರಿಸಿದರು. "ಅವಳನ್ನ ಕೇಳು."

ಸೌಂದರ್ಯ ಹೊಸ್ತಿಲ ಹತ್ತಿರ ಕೂತು ಬೀನ್ಸ್ ಮುರಿಯುತ್ತಿದ್ದಳು.

"ಏನಂತೀಯವ್ವ?" ಎಂದರು ಅಮ್ಮ.

"ಏನಾದ್ರೂ ಮಾಡಿ."

"ಒಪ್ಪಿದಳು!" ಎಂದು ಏಕಾಂತಪ್ಪ ತೊಡೆ ತಟ್ಟಿದರು. ಅವಳು ಬೀನ್ಸಿನ ನಾರು ತೆಗೆದು ಕಾಗದದ ಮೇಲೆ ಇಟ್ಟಳು. ಒಪ್ಪಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಇಲ್ಲ ಅನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅದು ಅವಳ ಹತ್ತಿರ ಇರಲಿಲ್ಲ. ಬರುವ ಭಾನುವಾರ ಅವರನ್ನು ಕರೆಯುವುದೆಂದು ಆಯಿತು. ಆ ದಿನ ತಾಂಬೂಲ ಬದಲಾದರೆ ಕಾರ್ತಿಕದಲ್ಲೇ ಮದುವೆ.

ಮಾರನೆಯ ಬೆಳಿಗ್ಗೆ ಬಸವರಾಜೇಶ್ವರಿ ದಿನ ಬಳಸುವ ಅಷ್ಟೂ ತಟ್ಟೆಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಮಗನ ಕೈಗೆ ಕೊಟ್ಟರು.

"ಭಾನುವಾರ ಇದರಲ್ಲೇ ಉಪ್ಪಿಟ್ಟು ಕೊಡೋದು. ಹೆಸರು ನೋಡಲಿ ಅವರು. ಆದರೆ ಆ ತಾರೀಕು ಕಣ್ಣಿಗೆ ಬೀಳಬಾರದು, ಕಳೆದು ಹೋದ ತಾರೀಕು, ಒಳ್ಳೇದಲ್ಲ. ಅದರ ಮೇಲೆ ಏನಾದ್ರೂ ಹೂವೋ ಬಳ್ಳಿಯೋ ಬರೋ ಹಾಗೆ ಮಾಡು."

"ನನಗೇನು ಹೇಳ್ತೀಯ, ಆಕಾರ ತಿದ್ದೋಳು ಅವಳು."

"ಮಾಡ್ತೀನಿ ಬಿಡು," ಎಂದಳು ಸೌಂದರ್ಯ. ಅದೊಂದು ಕೆಲಸ. ಕೆಲಸಗಳನ್ನು ಅವಳು ಮಾಡುತ್ತಿದ್ದಳು.

ಆದರೆ ಆ ದಿನ ಬೇರೆ ಗಿರಾಕಿಗಳು, ಮರುದಿನವೂ ಬೇರೆ ಗಿರಾಕಿಗಳು. ಶನಿವಾರ ಮಧ್ಯಾಹ್ನ ಗಲ್ಲಿ ಖಾಲಿಯಾದಾಗ ಹಳೆಯ ಫೈಲು ತೆರೆದಳು. ಉಕ್ಕಿನ ಮೇಲೆ ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ. ಅದರ ಮೇಲೆ ಇನ್ನೂ ದಪ್ಪವಾದ, ಅದನ್ನು ಪೂರ್ತಿ ನುಂಗುವ ಆಕಾರವನ್ನು ಕೆತ್ತಬೇಕು. ಹಳೆಯ ಗೆರೆ ಎಲ್ಲೂ ಹೊರಗೆ ಇಣುಕಬಾರದು. ಅವಳು ಹಳೆಯ ಚಿತ್ರಕ್ಕೆ ಕೆಂಪು ಬಣ್ಣ ಕೊಟ್ಟು ಅಲುಗಾಡದಂತೆ ಬೀಗ ಹಾಕಿದಳು. ಅದರ ಮೇಲೆ ಕಪ್ಪು ಬಳ್ಳಿ ಬರೆಯತೊಡಗಿದಳು. ಯಾವ ಬಳ್ಳಿ ಎಂದು ಯೋಚಿಸಲಿಲ್ಲ. ಕೈಗೆ ಬಂದದ್ದು ಅಮ್ಮ ಹೊಸ್ತಿಲಿಗೆ ದಿನಾ ಎಳೆಯುವ ರಂಗೋಲಿಯ ಬಳ್ಳಿ. ಒಂದು ಎಲೆ, ಒಂದು ಸುರುಳಿ, ಮತ್ತೊಂದು ಎಲೆ. ತಾರೀಕಿನ ಒಂದೊಂದು ಅಂಕಿಯೂ ಒಂದೊಂದು ಎಲೆಯ ಹೊಟ್ಟೆಗೆ ಹೋಯಿತು.

ಕೆಲಸ ಮುಗಿದಿತ್ತು. ಬಳ್ಳಿಯ ತುದಿ ಮಾತ್ರ ಮೇಲಕ್ಕೆ ಬಾಗಿ 'ಶ್' ಕಾಲಿನ ಹತ್ತಿರ ನಿಂತಿತ್ತು.

ಅವಳು ತುದಿಯ ನೋಡ್ ಹಿಡಿದು ಸ್ವಲ್ಪ ಎಳೆದಳು. 'ಶ್' ಒಂದು ಮೊಗ್ಗಿನೊಳಗೆ ಹೋಯಿತು. ಇನ್ನೊಂದು ಎಲೆ ಇಟ್ಟಳು. 'ಲೇ' ಹೋಯಿತು. ಅದರ ದೀರ್ಘದ ಬಾಲ ಹೊರಗೆ ಉಳಿಯಿತು, ಅದಕ್ಕೊಂದು ಸುರುಳಿ ಹೊದಿಸಿದಳು. 'ಹಾ' ಅಗಲ ಅಕ್ಷರ, ಅದಕ್ಕೆ ಎರಡು ಎಲೆ ಬೇಕಾದವು. ಕೊನೆಗೆ ಉಳಿದದ್ದು ಎರಡು ಹೆಸರನ್ನು ಬೆಸೆದಿದ್ದ ಆ ಬಾಲ. ಅದನ್ನು ಮುಚ್ಚಲು ಹೋದರೆ ತನ್ನ ಹೆಸರಿನ ಕೊನೆಯೇ ಕೆಡುತ್ತಿತ್ತು. ಹಾಗಾಗಿ ಅದನ್ನು ಮುಚ್ಚಲಿಲ್ಲ, ಬಳ್ಳಿಯ ಕಾಂಡ ಮಾಡಿಬಿಟ್ಟಳು. ಈಗ ಇಡೀ ಬಳ್ಳಿ ಅವಳ ಹೆಸರಿನ ಕೊನೆಯಿಂದಲೇ ಹುಟ್ಟಿ ತಟ್ಟೆಯಂಚಿನ ಕಡೆ ಹರಿದಿತ್ತು.

ಸಂತೋಷವೇನೂ ಆಗಲಿಲ್ಲ. ಎಲ್ಲೂ ಕೆಂಪು ಇಣುಕುತ್ತಿಲ್ಲ ಎಂದು ಮೂಲೆ ಮೂಲೆ ದೊಡ್ಡದು ಮಾಡಿ ನೋಡಿದಳು, ಅಷ್ಟೆ. ಆಮೇಲೆ ಫೈಲನ್ನು ಮಿಷನ್ನಿಗೆ ಕಳಿಸಿದಳು.

ವಿಜಯಕುಮಾರ್ ತಟ್ಟೆಯ ಅಳತೆಗೆ ಪ್ಲೈವುಡ್ಡಿನಲ್ಲಿ ಕೊರೆದ ಗುಂಡಿಯಲ್ಲಿ ಮೊದಲ ತಟ್ಟೆ ಕೂರಿಸಿದ. ಕೆತ್ತುವ ಮುಂಚೆ ಮಿಷನ್ ಎಷ್ಟು ಜಾಗ ಸುಡುತ್ತದೆ ಎಂದು ಕೆಂಪು ಬೆಳಕಿನ ಚೌಕ ಹಾಕಿ ತೋರಿಸುತ್ತದೆ. ಚೌಕ ತಾರೀಕನ್ನು ದಾಟಿ ಮೇಲೆ ಹೋಗಿತ್ತು.

"ಏನೇ ಇದು, ಇಷ್ಟು ದೊಡ್ಡದಾಗಿದೆ?"

"ಬಳ್ಳಿ ಸ್ವಲ್ಪ ಬೆಳೀತು."

ಅವನು ಚೌಕ ನೋಡಿದ. ಎದ್ದು ಬಂದು ಕಂಪ್ಯೂಟರ್ ನೋಡಿದ. ಹೋಗಿ ಸ್ಟೂಲಿನ ಮೇಲೆ ಕೂತ.

"ಅಮ್ಮ ನನ್ನ ಸುಮ್ಮನೆ ಬಿಡಲ್ಲ."

"ಹೂಂ."

"ಏಕಾಂತಪ್ಪ ಮಾವ ನೆಂಟರನ್ನೆಲ್ಲ ಸುತ್ತಿ ಸುತ್ತಿ ಹೇಳ್ತಾರೆ."

"ಹೂಂ."

"ಉಕ್ಕು ಕಣೇ. ಒಂದು ಸಲ ಹಾಕಿದ್ರೆ ಮುಗೀತು."

"ಗೊತ್ತು. ಆಷಾಢದಲ್ಲೇ ಗೊತ್ತಾಯ್ತು."

ಅವನು ಪೆಡಲ್ ಒತ್ತಿದ. ಚಿರ್ರ್ ಎಂದು ಸಣ್ಣ ಹೊಗೆ ಎದ್ದಿತು.

ಭಾನುವಾರ ಬಸವರಾಜೇಶ್ವರಿ ಒಲೆಯ ಮುಂದಿಂದ ಕದಲಲಿಲ್ಲ. ತಟ್ಟೆ ಒರೆಸಿ ಹೊಂದಿಸಿದವಳು ಸೌಂದರ್ಯ, ಉಪ್ಪಿಟ್ಟು ಕೇಸರಿಬಾತು ಹಾಕಿದವಳೂ ಅವಳೇ. "ತಾರೀಕು ಹೋಯ್ತಾ?" ಎಂದು ಅಮ್ಮ ಒಗ್ಗರಣೆಯ ಹೊಗೆಯೊಳಗಿಂದ ಕೇಳಿದ್ದರು. "ಹೋಯ್ತು" ಎಂದಿದ್ದಳು. ಸುಳ್ಳೇನಲ್ಲ.

ನಡುಮನೆಯಲ್ಲಿ ಹಾಲೇಶ, ಅವನ ತಾಯಿ, ಏಕಾಂತಪ್ಪ ಸಾಲಾಗಿ ಕೂತಿದ್ದರು. ಹಾಲೇಶ ಸ್ವಲ್ಪ ದಪ್ಪಗಾಗಿದ್ದ. ಅವಳ ಮುಖ ನೋಡಲಿಲ್ಲ, ತಟ್ಟೆ ತೆಗೆದುಕೊಂಡ. ಸಂಬಂಧದ ಮಾತು ಉಪ್ಪಿಟ್ಟು ಮುಗಿದ ಮೇಲೆ ಎಂದು ಎಲ್ಲರೂ ಅಡಿಕೆ ಧಾರಣೆ ಮಾತಾಡಿದರು.

ಉಪ್ಪಿಟ್ಟು ಕರಗುತ್ತ ಬಂತು. ಬೀಗಿತ್ತಿಯಾಗಬೇಕಾದ ಆಯಮ್ಮನೇ ಮೊದಲು ಚಮಚದಿಂದ ತಳ ಕೆರೆದು ಬಗ್ಗಿ ನೋಡಿದರು. ತಟ್ಟೆ ತಿರುಗಿಸಿದರು. ಪಕ್ಕಕ್ಕೆ ವಾಲಿ ಮಗನ ತಟ್ಟೆಯನ್ನೂ ನೋಡಿದರು.

"ನಮ್ ಹುಡುಗನ ಹೆಸರೂ ಇದೆ ಅಂದ್ರಲ್ಲ ಏಕಾಂತಪ್ನೋರು?"

ಏಕಾಂತಪ್ಪ ತಮ್ಮ ತಟ್ಟೆಯ ಕೇಸರಿಬಾತನ್ನು ಬೆರಳಿನಿಂದ ಸರಿಸಿ ಹುಡುಕಿದರು, ಬಿದ್ದ ಉಂಗುರ ಹುಡುಕುವವರ ಹಾಗೆ. "ಇರಬೇಕಲ್ಲ... ಇಲ್ಲೇ ಇತ್ತು..."

"ಇತ್ತು," ಎಂದಳು ಸೌಂದರ್ಯ. ಅವಳ ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ ಇತ್ತು. "ಇನ್ನೊಂಚೂರು ಹಾಕ್ಲಾ?"

ಹಾಲೇಶ ಹೆಬ್ಬೆರಳನ್ನು ಬಳ್ಳಿಯ ಮೇಲೆ ಮೆಲ್ಲಗೆ ಆಡಿಸಿದ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಏನಾದರೂ ಸಿಕ್ಕಿತೋ ಏನೋ, ಕೈ ಹಿಂದಕ್ಕೆ ತೆಗೆದುಕೊಂಡು, "ಸಾಕು" ಎಂದ.

ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ಬಸವರಾಜೇಶ್ವರಿ ನಿಂತಿದ್ದರು. ಏಕಾಂತಪ್ಪ ಅವರ ಕಡೆ ತಟ್ಟೆ ಎತ್ತಿ ತೋರಿಸಿದರು. "ಏನಮ್ಮ ಇದು?"

ಆಗ ಗಂಗಾಧರಪ್ಪ ತಮ್ಮ ತಟ್ಟೆಯ ಉಪ್ಪಿಟ್ಟನ್ನು ಒಂದು ಚೂರೂ ಬಿಡದೆ ಬಳಿದು ಬಾಯಿಗೆ ಹಾಕಿಕೊಂಡರು. ಖಾಲಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ನಮ್ಮ ಹುಡುಗಿ ಕೈಕೆಲಸ ಏಕಾಂತಪ್ಪ. ಚೆನ್ನಾಗಿದೆ. ಕಾಫಿ ತಗೊಳ್ಳಿ, ಆರುತ್ತೆ."

ಕಾಫಿ ಆಯಿತು. ತಾಂಬೂಲದ ತಟ್ಟೆ ಒಳಗಿದ್ದದ್ದು ಹೊರಗೆ ಬರಲಿಲ್ಲ. "ನಮ್ ಕಡೆ ಹಂಗಲ್ಲವ್ವಾ, ಕರೆದು ಹಿಂಗೆ ಮಾಡಲ್ಲ" ಎಂದು ಆಯಮ್ಮ ಮೂಗಿನಲ್ಲೇ ಹೇಳಿ ಚಪ್ಪಲಿ ಮೆಟ್ಟಿದರು. ಏಕಾಂತಪ್ಪ ಇಬ್ಬರ ಹಿಂದೆ ಓಡಿದರು.

ವಿಜಯಕುಮಾರ್ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನೋ ನೋಡಬೇಕೆಂದು ಜಾಗ ಖಾಲಿ ಮಾಡಿದ. ಗಂಗಾಧರಪ್ಪ ಪೇಪರ್ ಬಿಡಿಸಿ ಅದರ ಹಿಂದೆ ಮರೆಯಾದರು. ಹಿತ್ತಲ ನಲ್ಲಿಯ ಹತ್ತಿರ ಅಮ್ಮ ತೊಳೆಯುವುದಕ್ಕೆ ಕೂತರು, ಮಗಳು ಒರೆಸುವುದಕ್ಕೆ.

"ಬೇಡ ಅಂತ ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವೇನೇ?"

"ಬರಲಿಲ್ಲ."

"ಏನಾದ್ರೂ ಮಾಡಿ ಅಂದೆಯಲ್ಲ?"

"ಆಗ ಅದೊಂದೇ ಬಂತು."

"ಜನರ ಮುಂದೆ ನನ್ನ ಮುಖ ಎಲ್ಲಿಡಲಿ? ಅಣ್ಣ ಇನ್ನು ಈ ಹೊಸ್ತಿಲು ತುಳೀತಾನಾ?"

ಬಸವರಾಜೇಶ್ವರಿ ನಾರಿನಿಂದ ತಟ್ಟೆಯ ನಡುವೆ ಒಂದು ಸುತ್ತು ಉಜ್ಜಿದರು, ಇನ್ನೊಂದು ಸುತ್ತಿಗೆ ಹೋದ ಕೈ ನಿಂತಿತು. ನೀರು ಸುರಿದು ತಟ್ಟೆ ಮೇಲೆತ್ತಿ ನೋಡಿದರು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಇದು ನನ್ನ ಎಲೆ."

"ಹೂಂ."

"ಕುಡಿ ತಪ್ಪಿದೀಯ. ಎಡಕ್ಕೆ ಸುತ್ತಬೇಕು ಅದು, ದಿನಾ ಹಾಕ್ತೀನಲ್ಲ, ನೋಡಿಲ್ವಾ?"

"ಎಡಕ್ಕೆ ಸುತ್ತಿದ್ರೆ 'ಲೇ' ಬಾಲ ಹೊರಗೆ ಕಾಣ್ತಿತ್ತು."

ಅಮ್ಮ ತಟ್ಟೆಯನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿದರು. ಆ ಬಾಲ ಅವರಿಗೂ ಕಾಣಲಿಲ್ಲ. ಒರೆಸು ಎಂದು ಚಾಚಿದರು.

"ಮೂಲೇಲಿರೋ ಡಬ್ಬ ಅಷ್ಟೂ ನಾಳೆ ಆಟೋಲಿ ಅಂಗಡಿಗೆ ತಗೊಂಡು ಹೋಗಿ ಇಬ್ಬರೂ. ಇಸ್ತ್ರಿ ಬಟ್ಟೆ ಇಡೋಕೆ ನನಗೆ ಬೇರೆ ಜಾಗ ಇದೆ."

"ಸರಿ."

ಆಮೇಲೆ ಬಸವರಾಜೇಶ್ವರಿ, ಹುಟ್ಟಿದಾಗಿನಿಂದ ಒಬ್ಬರನ್ನೂ ಅಣಕಿಸಿ ಗೊತ್ತಿಲ್ಲದವರು, ಬಗ್ಗಿಸಿದ ತಲೆ ಎತ್ತದೆ, ಕೊನೆಯ ತಟ್ಟೆಗೆ ಬೂದಿ ಹಚ್ಚುತ್ತ, ಯಾರದೋ ದನಿಯಲ್ಲಿ ಅಂದರು:

"ನಮ್ ಕಡೆ ಹಂಗಲ್ಲವ್ವಾ..."

ಸುಮಾರಾಗಿತ್ತು. ಶೀತ ಹಿಡಿದವರ ಹಾಗೆ ಕೇಳಿತು.

ಸೌಂದರ್ಯ ಒರೆಸುತ್ತಿದ್ದ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಹಾಗಲ್ಲಮ್ಮ," ಎಂದಳು. "ಇನ್ನೂ ಒಂಚೂರು ಮೂಗಿಗೆ ತಗೋ."